ಮೇಡಂ ಕೈಗುಣ

ಆ ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ಮೇಡಂ ಕೈಗುಣದ್ದೇ ಮಾತು. ಜೀವಕೋಶದೊಳಗೆ ಝಿಂಕ್ ಸಿಕ್ಕರೆ ಹಸಿರಾಗಿ ಹೊಳೆಯುವ ಬಣ್ಣವೊಂದನ್ನು ಅವರು ತಯಾರಿಸಿದ್ದರು. ಕಾಯಿಲೆ ಬಿದ್ದ ಕೋಶದಲ್ಲಿ ಝಿಂಕ್ ಉಕ್ಕುತ್ತದೆ ಎನ್ನುವುದು ಅವರ ವಾದ. ಅವರೇ ಕೋಶಗಳ ತಟ್ಟೆ ಸಿದ್ಧಮಾಡಿದರೆ ಮೈಕ್ರೋಸ್ಕೋಪಿನಲ್ಲಿ ಹಸಿರೋ ಹಸಿರು. ಅದೇ ಕೆಲಸ ಶಿಷ್ಯೆ ಮಾಡಿದರೆ ಕಗ್ಗತ್ತಲೆ.

ಎರಡು ವರ್ಷ ಬೈದೂ ಬೈದೂ ಮೇಡಂಗೆ ರೋಸಿಹೋಗಿತ್ತು. ಈಕೆಯನ್ನು ಪಿಎಚ್‌ಡಿಯಿಂದ ಕೈಬಿಡಬೇಕು ಎಂಬ ಪತ್ರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ.

ಅಂದು ಬೆಳಿಗ್ಗೆ ಸಂಶೋಧನಾ ಪತ್ರಿಕೆಗೆ ಕೊನೆಯ ಚಿತ್ರ ಕಳಿಸಬೇಕಿತ್ತು. ಕೈಗವಸು ಹಾಕಿದರೆ ಮೇಡಂಗೆ ಬೆರಳೆಲ್ಲ ಕೆಂಪಾಗಿ ತುರಿಕೆ. ಹಾಗಾಗಿ ಅವರದು ಬರಿಗೈ ಕೆಲಸ. ಶಿಷ್ಯೆ ಕೊಟ್ಟ ತಟ್ಟೆಗೆ ಬಣ್ಣ ಬಿಟ್ಟು, ತೆಳುಗಾಜನ್ನು ಬೆರಳಲ್ಲೇ ಎತ್ತಿ ಮುಚ್ಚಿದರು. ಹಸಿರು ಕಂಡದ್ದೇ ತಡ, ಫೋಕಸ್ ಸರಿಮಾಡುವ ತಾಳ್ಮೆಯೂ ಇಲ್ಲದೆ ಬೀಗಿದರು.

"ನೋಡು, ಕಣ್ಣು ಬಿಟ್ಟು ನೋಡು. ಹೀಗೆ ಮಾಡ್ಬೇಕು!"

ಶಿಷ್ಯೆಯ ಮುಖ ಬಿಳಿಚಿಕೊಂಡಿತು. "ಮೇಡಂ, ತಪ್ಪಾಗ್ಬಿಟ್ಟಿದೆ. ಅದು ಬರೀ ಉಪ್ಪುನೀರು. ಕೋಶ ಇರೋ ತಟ್ಟೆ ಇನ್ನೂ ನನ್ನ ಕೈಲೇ ಇದೆ."

ಕೋಶವೇ ಇಲ್ಲದ ನೀರು ಹೊಳೆಯುವುದೆಂದರೇನು? ಮೇಡಂ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಔಷಧಿ ಅಂಗಡಿ ಇಟ್ಟಿರುವ ತಂಗಿ, "ಅಕ್ಕಾ, ತುರಿಕೆಗೆ ಇದಕ್ಕಿಂತ ಒಳ್ಳೇದಿಲ್ಲ" ಎಂದು ತಿಂಗಳು ತಿಂಗಳೂ ಕೊಡುವ ಮುಲಾಮು. ಚೀಲ ತಡಕಾಡಿ ಟ್ಯೂಬ್ ತೆಗೆದು, ಕನ್ನಡಕ ಹಣೆಗೇರಿಸಿ, ಸಣ್ಣಕ್ಷರ ಓದಿದರು. ಝಿಂಕ್ ಆಕ್ಸೈಡ್.

ಎರಡು ವರ್ಷದಲ್ಲಿ ಆ ಟ್ಯೂಬನ್ನು ಒಂದು ಸಲವಾದರೂ ಓದಬಾರದಿತ್ತೆ, ಇಷ್ಟು ಓದಿದ ಹೆಂಗಸು!

ಶಿಷ್ಯೆ ಕೈಗವಸು ತೊಟ್ಟು, ಹೊಸ ಉಪ್ಪುನೀರಿಗೆ ಬಣ್ಣ ಹಾಕಿದಳು. ಕತ್ತಲೆ. ಸಾಸಿವೆಯಷ್ಟು ಮುಲಾಮು ಕದಡಿದಳು. ತಟ್ಟೆ ಹಸಿರಾಗಿ ಉರಿಯಿತು. ಬಣ್ಣ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಮೇಡಂ ಸ್ಟೂಲಿನ ಮೇಲೆ ಕೂತರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪತ್ರವನ್ನು ಎಳೆದುಕೊಂಡು ಹರಿದು ಹಾಕಿದರು.

"ನಿನ್ನ ಕೈಯೇ ಸರಿ ಇತ್ತು ಕಣೇ. ಪತ್ರಿಕೆಯೋರಿಗೆ ನಾನೇ ಬರೀತೀನಿ, ತಪ್ಪು ನಂದು ಅಂತ. ನಿನ್ನ ಕತ್ತಲೆ ಚಿತ್ರಗಳನ್ನೆಲ್ಲ ತೆಗಿ, ಕಾಯಿಲೆ ಕೋಶದಲ್ಲಿ ಝಿಂಕ್ ಉಕ್ಕಲ್ಲ ಅನ್ನೋಕೆ ಅವೇ ಸಾಕ್ಷಿ, ಅವೇ ಈಗ ನಿನ್ನ ಪಿಎಚ್‌ಡಿ."

ಶಿಷ್ಯೆ ನಿಧಾನವಾಗಿ ಕೈಗವಸು ಕಳಚಿದಳು.

"ಎಲ್ಲಿವೆ?"

"ಒಂದೂ ಇಲ್ಲ ಮೇಡಂ. ಕಸ ಯಾಕೆ ಕೂಡಿಡ್ತೀಯ, ಅವತ್ತವತ್ತೇ ಅಳಿಸಿಹಾಕು ಅಂತ ನೀವೇ ಅಂದಿದ್ರಲ್ಲ."