ಬಾಗಿಲಿಗೆ ಒತ್ತಿಟ್ಟ ಕಲ್ಲು

ಅಡುಗೆಮನೆಗೆ ಬಣ್ಣ ಹೊಡೆಸುವ ಗಡಿಬಿಡಿಯಲ್ಲಿ ಆ ಕಲ್ಲಿಗೆ ಎಡವಿದೆ. ಹೆಬ್ಬೆರಳು ಊದಿಕೊಂಡಿತು. ಅಂಗೈಯಗಲದ ಚಪ್ಪಟೆ ಗುಂಡು ಕಲ್ಲು, ನಡುವೆ ಚೌಕದ ತೂತು. ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ಅಮ್ಮ ಅದನ್ನು ವರ್ಷಗಟ್ಟಲೆ ಅಲ್ಲಿ ಒತ್ತಿಟ್ಟಿದ್ದಾಳೆ. ಎಲ್ಲಿಂದ ಬಂತೆಂದು ಕೇಳಿದರೆ, "ಅಪ್ಪನ ಪಾತ್ರೆ ಪೆಟ್ಟಿಗೆ ತಳದಲ್ಲಿತ್ತು," ಎನ್ನುತ್ತಾಳೆ. ಅಷ್ಟೇ.

"ಹಳೇ ಕಾಲದ ನಾಣ್ಯ ಇರ್ಬೇಕು," ಎಂದೆ.

"ಇಷ್ಟು ಭಾರದ ನಾಣ್ಯಾನ ಯಾವ ಜೇಬಲ್ಲಿ ಇಟ್ಕೋತಿದ್ರೇ ಪೆದ್ದಿ?" ಎಂದ ಅಣ್ಣ. ಅವನ ಪ್ರಕಾರ ಅದು ಮೀನಿನ ಬಲೆಗೆ ಕಟ್ಟುವ ಗುಂಡು. ನಮ್ಮ ವಂಶದಲ್ಲಿ ಮೀನು ಹಿಡಿದವರೇ ಇಲ್ಲ, ಆದರೂ ಪುಣ್ಯಾತ್ಮ ಹಟ ಬಿಡಲಿಲ್ಲ. ಬಣ್ಣದವನು ಏಣಿ ಮೇಲಿಂದಲೇ, "ಮಕ್ಕಳ ಗಾಡಿ ಚಕ್ರ," ಎಂದು ತೀರ್ಪು ಕೊಟ್ಟ.

"ಏನಾದ್ರೂ ಆಗ್ಲಿ, ಬಾಗಿಲಿಗೆ ಸರಿಯಾಗಿದೆ," ಎಂದು ಅಮ್ಮ ಸಿಡುಕಿದಳು.

ಯಾವ ಕಲ್ಲಿನ ಮಾತೆತ್ತಿದರೂ ಅವಳು ಸಿಡುಕುವುದು ಮಾಮೂಲು. ಅವಳ ಅಪ್ಪ, ಅಂದರೆ ನಮ್ಮ ತಾತ, ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದವರು. ಅವರ ಸಾಣೆಕಲ್ಲು ದೊಡ್ಡ ತಟ್ಟೆಯಷ್ಟು ಅಗಲವಿತ್ತಂತೆ. ಅಮ್ಮ ಅದನ್ನು ತಿರುಗಿಸುತ್ತಲೇ ಬೆಳೆದವಳು. ತಾತ ಹೋದ ಮೇಲೆ ಆ ಕಲ್ಲು ತನಗೆ ಬೇಕೆಂದು ತಮ್ಮನನ್ನು ಕೇಳಿದ್ದಾಳೆ. "ಅದು ಸವೆದುಹೋಯ್ತಕ್ಕ. ಅಪ್ಪ ಎಲ್ಲಿಟ್ರೋ ಗೊತ್ತಿಲ್ಲ," ಅಂದಿದ್ದಾರೆ ಮಾವ. "ಕಲ್ಲು ಸವೆಯುತ್ತಾ? ಯಾರ ಕಿವಿ ಮೇಲೆ ಹೂ ಇಡ್ತೀಯ? ಮಾರ್ಕೊಂಡಿದ್ದೀಯ!" ಎಂದು ಪಾತ್ರೆ ಪೆಟ್ಟಿಗೆ ಹೊರಿಸಿಕೊಂಡು ಎದ್ದು ಬಂದವಳು ಇವತ್ತಿಗೂ ಅವರೊಂದಿಗೆ ಮಾತಾಡಿಲ್ಲ. ಮಾವನೆಂದರೆ ನನಗೆ ಜೀವ. ಆದರೆ ಮನೆಯಲ್ಲಿ ಅವರ ಹೆಸರೆತ್ತುವಂತಿಲ್ಲ.

ಸಂಜೆ ಅಮ್ಮ ಕಲ್ಲಿಗೆ ಸಿಡಿದಿದ್ದ ಬಣ್ಣ ತಿಕ್ಕಲು ಕೂತಳು. ತೂತಿನೊಳಗೆ ಬೆರಳು ಹಾಕಿದವಳು ತಿಕ್ಕುವುದು ಬಿಟ್ಟು ಒಂದೇ ಮೂಲೆಯನ್ನು ಮತ್ತೆ ಮತ್ತೆ ತಡವಿದಳು.

"ಏನಮ್ಮಾ?"

"ಮೂಲೇಲಿ ಚಕ್ಕೆ ಎದ್ದಿದೆ ಕಣೇ. ಇದು ಚಿಕ್ಕವಳಿದ್ದಾಗ ನಾನೇ ಸುತ್ತಿಗೇಲಿ ಹೊಡೆದು ಎಬ್ಬಿಸಿದ್ದು. ಅಪ್ಪ ಬಂದಾಗ ನಿನ್ನ ಮಾವ, 'ನಾನು ಮುರಿದೆ' ಅಂತ ಏಟು ತಿಂದ." ಕಲ್ಲಿನ ಅಂಚನ್ನು ಸವರಿದಳು. "ಇದು ಅಪ್ಪನ ಸಾಣೆಕಲ್ಲೇ ಕಣೇ. ಅಂಚು ಸವೆದು ಇಷ್ಟಾಗಿದೆ. ತೂತು ಹಾಗೇ ಇದೆ. ಅಯ್ಯೋ, ಎಂಥ ಕೆಲಸ ಮಾಡ್ಬಿಟ್ಟೆ! ಫೋನ್ ಮಾಡೇ ಅವನಿಗೆ."

ನಂಬರ್ ನಿನ್ನ ಹತ್ತಿರ ಹೇಗೆ ಬಂತು ಎಂದು ಅವಳು ಕೇಳಲಿಲ್ಲ. ನಾನು ಕದ್ದುಮುಚ್ಚಿ ಮಾತಾಡುವುದು ಗೊತ್ತಿತ್ತೆಂದು ಕಾಣುತ್ತದೆ. ಸ್ಪೀಕರ್ ಹಾಕಿಯೇ ಕೊಟ್ಟೆ, ಬಿಡುತ್ತೇನೆಯೇ?

"ಕಲ್ಲು ಸಿಕ್ತು ಕಣೋ," ಎಂದಳು ಅಮ್ಮ.

"ಯಾರ ಹತ್ರ ಇತ್ತಕ್ಕ?"

"ನನ್ನ ಹತ್ರಾನೇ. ಬಾಗಿಲಿಗೆ ಒತ್ತಿಟ್ಟಿದ್ದೆ. ಸವೆದಿದೆ ಕಣೋ, ನೀನು ಹೇಳಿದ್ದು ನಿಜ." ಅಮ್ಮ ಅತ್ತೇಬಿಟ್ಟಳು. "ಆ ಚಕ್ಕೆಗೂ ನೀನೇ ಏಟು ತಿಂದೆ, ಇದಕ್ಕೂ ನೀನೇ ತಿಂದೆ."

ಹಿಂದೆ ಬಾಗಿಲು ದಡಾರನೆ ಬಡಿಯಿತು.

"ಅಳ್ಬೇಡಕ್ಕ," ಎಂದರು ಮಾವ. "ಅಪ್ಪನ ಕಲ್ಲನ್ನ ಒಳಗಿಡು. ನಾಳೆ ಬರ್ತೀನಿ, ಬಾಗಿಲಿಗೆ ಬೇರೆ ಕಲ್ಲು ತರ್ತೀನಿ."