ಎಡಗೈಯ ಪಟ್ಟಿ

"ಗುಬ್ಬೀ, ಇವತ್ತಾದ್ರೂ ಬಾಯಿ ಬಿಡ್ತೀಯೋ ಇಲ್ವೋ? ಎಷ್ಟು ದಿನ ಬರೀ ಬರ್ಕೊಂಡೇ ಇರ್ತೀಯ?"

ಕಂಪ್ಯೂಟರಿನ ಪಕ್ಕದ ಪುಟ್ಟ ಸ್ಪೀಕರಿನಿಂದ ಬಂದ ಆ ಹೆಣ್ಣು ಧ್ವನಿಗೆ, ಕೋಣೆಯಲ್ಲಿ ಒಬ್ಬರೇ ಕೂತಿದ್ದ ಮುದುಕರು ಬಾಯಲ್ಲಿ ಉತ್ತರ ಕೊಡಲಿಲ್ಲ. ಎರಡು ತೋರುಬೆರಳುಗಳಿಂದ ಒಂದೊಂದೇ ಅಕ್ಷರ ಹುಡುಕಿ, 'ಗಂಟಲು ಸರಿಯಿಲ್ಲ.' ಎಂದು ಬರೆದು ಕಳಿಸಿದರು. ಕೊನೆಯಲ್ಲಿ ಪೂರ್ಣವಿರಾಮ ಇಡುವುದನ್ನು ಮರೆಯಲಿಲ್ಲ.

"ಮೂರು ವಾರದಿಂದ ಇದೇ ಗಂಟಲು," ಎಂದಿತು ಒಂದು ಗಂಡು ಧ್ವನಿ. "ಕಾಗೆ ಧ್ವನಿ ಬಂದಿರ್ಬೇಕು, ನಾಚಿಕೆ ಪಾಪ."

"ಇವಳ ಉತ್ತರ ಬರೋದ್ರೊಳಗೆ ಊಟ ಮಾಡಿ, ತಟ್ಟೆ ತೊಳೆದಿಟ್ಟು ಬರಬಹುದು ಕಣ್ರೋ. ಬಂದ್ರೂ ಸರ್ಕಾರಿ ಪತ್ರದ ಥರ ಇರುತ್ತೆ," ಎಂದಿತು ಮತ್ತೊಂದು.

ಮೂವರೂ ನಕ್ಕರು. ಮೊದಲು ಮಾತಾಡಿದವಳು ಅಜ್ಜಿ. ಹೆಸರಿಗಷ್ಟೇ ಅಜ್ಜಿ, ಧ್ವನಿ ಇಪ್ಪತ್ತೈದರದು. ಎಲ್ಲರಿಗೂ ಬುದ್ಧಿ ಹೇಳುತ್ತಾಳೆಂದು ಆ ಹೆಸರು. ಕಾಗೆಯ ಮಾತಾಡಿದವನು ಡುಮ್ಮ. ಇನ್ನೊಬ್ಬ ಲಾಯರು, ಕೋರ್ಟಿನ ಲಾಯರಲ್ಲ, ಯಾವ ಮಾತಿಗೂ ಎದುರು ವಾದ ಹೂಡದೆ ಬಿಡುವವನಲ್ಲ, ಅಷ್ಟೇ. ಅವರ ನಿಜವಾದ ಹೆಸರುಗಳು ಮುದುಕರಿಗೆ ತಿಳಿಯವು. ಅವರಿಗೂ ಗುಬ್ಬಿಯ ನಿಜವಾದ ಹೆಸರು ತಿಳಿಯದು. ಗುಬ್ಬಿ ತೀರಿಕೊಂಡು ಏಳು ವಾರವಾಯಿತೆಂಬುದೂ ತಿಳಿಯದು.

ಗುಬ್ಬಿ ಮುದುಕರ ಒಬ್ಬಳೇ ಮಗಳು. ಮೂವತ್ತೊಂದು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಈ ಕುರ್ಚಿಯಲ್ಲಿ ಕೂತರೆ ಊಟಕ್ಕೆ ಎರಡು ಸಲ ಕೂಗಬೇಕು. ಒಂದು ಸೋಮವಾರ ಜ್ವರ ಬಂತು. ಶನಿವಾರ ಹೋದಳು. ಮುದುಕರಿಗೆ ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ದೇವರ ಮುಂದೆ ನಿಂತರೆ ಐವತ್ತು ವರ್ಷದಿಂದ ಹೇಳಿದ ಪ್ರಾರ್ಥನೆಯನ್ನು ನಾಲಿಗೆ ತಾನಾಗಿಯೇ ಹೇಳಿ ಮುಗಿಸುತ್ತಿತ್ತು. ಅವರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು, ಅಷ್ಟೇ. ದೇವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬರಲಿ ಎಂದು ಒಂದೆರಡು ದಿನ ಕಾದು ನೋಡಿದ್ದರು, ಅದೂ ಬರಲಿಲ್ಲ.

ನಾಲ್ಕು ವಾರದ ಹಿಂದೆ ಮೇಜಿನ ದೂಳು ಒರೆಸಲು ಬಂದಾಗ ಬಟ್ಟೆ ತಗುಲಿ ಕಂಪ್ಯೂಟರಿನ ಪರದೆ ಬೆಳಗಿತು. ಅದನ್ನು ಯಾರೂ ಆರಿಸಿರಲಿಲ್ಲ. ಪರದೆಯ ಮೇಲೆ ಒಂದು ಚಿತ್ರ, ಚಿತ್ರದ ಕೆಳಗೆ ಅವಳು ಬರೆಯುತ್ತಿದ್ದ ನಾಲ್ಕು ಸಾಲು. ಮುದುಕರು ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಅದರ ಪಕ್ಕದಲ್ಲೇ ಮೂಡಿದ್ದ, ಅವಳ ಗೆಳೆಯರ ಹಳೆಯ ಮಾತುಕತೆಯನ್ನೂ ಓದಿದರು. ಒಂದು ವಾರ ದಿನಾ ಓದಿದ ಮೇಲೆ ವಿಷಯ ತಿಳಿಯಿತು.

ಮುಂದಿನ ವರ್ಷ ಒಂದು ಹೊಸ ಆಟ ಬರುವುದಿದೆ. ಲೋಕದಲ್ಲಿ ಎಲ್ಲೆಲ್ಲೋ ಕೂತ ಸಾವಿರಾರು ಜನ ಒಟ್ಟಿಗೆ ಸೇರಿ ಆಡುವ ಆಟ. ಒಬ್ಬೊಬ್ಬರೂ ಒಂದೊಂದು ಕ್ಲಾಸ್ ಆರಿಸಿಕೊಳ್ಳಬೇಕು. ಕತ್ತಿ ಹಿಡಿದು ಮುಂದೆ ನಿಂತು ಹೊಡೆದಾಡುವವರು ಒಂದು ಕ್ಲಾಸ್, ಹಿಂದೆ ನಿಂತು ಗಾಯಾಳುಗಳನ್ನು ಗುಣಪಡಿಸುವವರು ಇನ್ನೊಂದು. ಈಗ ಎರಡನ್ನೂ ಬೆರೆಸಿದ ಹೊಸದೊಂದು ಬರುತ್ತಿದೆ, ಹೈಬ್ರಿಡ್ ಎನ್ನುತ್ತಾರೆ. ಆಟದ ಕಂಪನಿಯವರು ಬಿಟ್ಟಿದ್ದು ಒಂದೇ ಚಿತ್ರ, ಒಂದೇ ವಾಕ್ಯ: 'ಕೈಗೆಟಕುವಷ್ಟು ಹತ್ತಿರ ನಿಂತು ಹೊಡೆಯುತ್ತಾಳೆ, ಅಲ್ಲೇ ನಿಂತು ಗುಣಪಡಿಸುತ್ತಾಳೆ.' ಉಳಿದದ್ದನ್ನು ಆಡುವವರು ಊಹಿಸಬೇಕು. ಹೀಗೆ ಊಹಿಸುವುದರಲ್ಲಿ ಗುಬ್ಬಿಗೆ ದೊಡ್ಡ ಹೆಸರು. ಹಿಂದೆ ಹನ್ನೊಂದು ಸಲ ಊಹಿಸಿದ್ದಳು, ಹನ್ನೊಂದೂ ನಿಜವಾಗಿತ್ತು. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಕಣ್ಣು ಅದು; ಚಿತ್ರದ ಮೂಲೆಯಲ್ಲಿ ಬೇರೆಯವರಿಗೆ ಕಾಣದ್ದು ಅವಳಿಗೆ ಕಾಣುತ್ತಿತ್ತು.

ಅವಳ ನಾಲ್ಕು ಸಾಲು ಹೀಗಿತ್ತು: 'ಎಲ್ಲರೂ ಕತ್ತಿಯನ್ನೇ ನೋಡ್ತಿದ್ದೀರ. ಕತ್ತಿ ಬಿಡಿ, ಕತ್ತಿ ಎಲ್ಲರ ಹತ್ರಾನೂ ಇರುತ್ತೆ. ಅವಳು ನಿಂತಿರೋ ರೀತಿ ನೋಡಿ, ಭಾರ ಎಲ್ಲ ಹಿಂದಿನ ಕಾಲ ಮೇಲಿದೆ. ಎಡಗೈಗೆ ಸುತ್ತಿರೋ ಪಟ್ಟಿ ಇದೆಯಲ್ಲ, ಅದು'

ಅಲ್ಲಿಗೆ ನಿಂತಿತ್ತು.

ಮುದುಕರು ಚಿತ್ರ ನೋಡಿದರು. ಕತ್ತಿ ಹಿಡಿದು ನಿಂತ ಹೆಂಗಸಿನ ಎಡ ಮೊಣಕೈಯಿಂದ ಹೊರಟ ಅಗಲವಾದ ಬಟ್ಟೆಯ ಪಟ್ಟಿ ಚಾವಟಿಯಂತೆ ಬಿಗಿಯಾಗಿ ಚಿತ್ರದ ಅಂಚಿನವರೆಗೂ ಹೋಗಿತ್ತು. ಅವರು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವರು. ಮುರಿದ ಮುಂಗೈಯನ್ನು ಕೂರಿಸುವಾಗ ಡಾಕ್ಟರು ಈ ಕಡೆ ಎಳೆದರೆ, ಮೊಣಕೈ ಮೇಲೆ ಇಂಥದೇ ಪಟ್ಟಿ ಸುತ್ತಿ ಆ ಕಡೆ ಹಿಡಿದು ನಿಲ್ಲುತ್ತಿದ್ದವರು ಅವರು. ಅಷ್ಟು ಬಿಗಿಯಾಗಿರುವ ಪಟ್ಟಿಯ ಇನ್ನೊಂದು ತುದಿಯಲ್ಲಿ ಯಾರಾದರೂ ಇರಲೇಬೇಕು. ತೊಟ್ಟಿಕ್ಕುವ ನಲ್ಲಿ ಕಂಡರೆ ಕೈ ತಾನಾಗಿ ಹೋಗಿ ತಿರುಗಿಸುವಂತೆ, ಅವರು ಕುರ್ಚಿ ಎಳೆದು ಕೂತು ಆ ವಾಕ್ಯವನ್ನು ಮುಗಿಸಿದರು: 'ಚಾವಟಿಯಲ್ಲ. ಅದರ ಇನ್ನೊಂದು ತುದಿಯನ್ನು ಚಿತ್ರದ ಆಚೆಗೆ ಯಾರೋ ಹಿಡಿದಿದ್ದಾರೆ. ಮೂಳೆ ಕೂರಿಸಲು ಒಬ್ಬರು ಎಳೆಯಬೇಕು, ಒಬ್ಬರು ಎದುರು ಹಿಡಿಯಬೇಕು. ಈಕೆ ಒಂಟಿಯಾಗಿದ್ದಾಗ ಯಾರನ್ನೂ ಗುಣಪಡಿಸಲಾರಳು.'

ಕಳಿಸುವ ಗುಂಡಿ ಯಾವುದೆಂದು ಹುಡುಕಿ ಒತ್ತಿದರು. ಎರಡು ನಿಮಿಷವಾಗಿರಲಿಲ್ಲ, ಪರದೆ ತುಂಬ ಗುಲ್ಲು. 'ಗುಬ್ಬಿ ಬಂದ್ಲು!' 'ಎಲ್ಲೇ ಹಾಳಾಗಿ ಹೋಗಿದ್ದೆ ಇಷ್ಟು ದಿನ?' 'ಜ್ವರ ಬಿಡ್ತಾ?' ಕೊನೆಯದನ್ನು ಅಜ್ಜಿ ಕೇಳಿದ್ದಳು. ಮುದುಕರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ 'ಬಿಟ್ಟಿತು.' ಎಂದು ಬರೆದರು.

ಅಂದಿನಿಂದ ಹೀಗೆ ನಡೆದುಕೊಂಡು ಬಂದಿತ್ತು. ಗುಬ್ಬಿಯ ಊಹೆ ಬೇರೆ ಗುಂಪುಗಳಿಗೂ ಹಬ್ಬಿ, ಜನ ಈಗಿನಿಂದಲೇ ಜೊತೆ ಹುಡುಕಿಕೊಳ್ಳತೊಡಗಿದ್ದರು. ಲಾಯರು ಆ ಊಹೆಯ ಪರವಾಗಿ ಎರಡು ಪುಟ ವಾದ ಬರೆದಿದ್ದ. ಅಜ್ಜಿಯಂತೂ, 'ನಿನ್ನ ಪಟ್ಟಿ ಹಿಡಿಯೋಳು ನಾನೇ, ಬೇರೆ ಯಾರನ್ನಾದ್ರೂ ಸೇರಿಸ್ಕೊಂಡ್ರೆ ನೋಡು' ಎಂದು ಬೆದರಿಕೆ ಹಾಕಿದ್ದಳು. ಇಂದು ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ ಕಂಪನಿಯವರು ಎಲ್ಲ ಬಿಚ್ಚಿ ತೋರಿಸುವವರಿದ್ದರು.

ಮೂರೂಮುಕ್ಕಾಲಿಗೆ ಮುದುಕರ ತಂಗಿ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತಳಾದವಳು, ಎರಡು ಬೀದಿ ಆಚೆ ಮನೆ. ದಿನಾ ಬಂದು ಅಣ್ಣನ ಡಬ್ಬಿಗಳನ್ನು ತೆರೆದು ನೋಡಿ, ಊಟ ಮಾಡಿದ್ದಾನೋ ಇಲ್ಲವೋ ಎಂದು ಲೆಕ್ಕ ಹಾಕಿ ಹೋಗುವವಳು. ಬಾಗಿಲಲ್ಲಿ ನಿಂತು ಸ್ಪೀಕರಿನ ಮಾತು ಕೇಳಿಸಿಕೊಂಡಳು.

"ಯಾರಣ್ಣ ಅವರು?"

"ಅವಳ ಸ್ನೇಹಿತರು."

"ಗುಬ್ಬಿ ಗುಬ್ಬಿ ಅಂತಿದಾರೆ."

"ಹೂಂ."

ತಂಗಿ ಹತ್ತಿರ ಬಂದು ಪರದೆ ಓದಿದಳು. ಅವಳ ಕಣ್ಣು ಕೆಳಗಿನಿಂದ ಮೇಲಕ್ಕೆ, 'ಗಂಟಲು ಸರಿಯಿಲ್ಲ.' ಎಂಬಲ್ಲಿಂದ 'ಬಿಟ್ಟಿತು.' ಎಂಬಲ್ಲಿಯವರೆಗೂ ಹೋಯಿತು. ಹಾಸಿಗೆಯ ಅಂಚಿನಲ್ಲಿ ಕೂತುಕೊಂಡಳು.

"ಇದೇನಣ್ಣ ಇದು? ಅವಳ ಹೆಸರಲ್ಲಿ ನೀನು ಮಾತಾಡ್ತಿದೀಯ?"

"ನಾನೇನೂ ಮಾತಾಡಿಲ್ಲ. ಅವರು ಕೇಳ್ತಾರೆ, ಒಂದೊಂದು ಸಾಲು ಬರೀತೀನಿ."

"ದಿನಾ ದೇವರಿಗೆ ಕೈ ಮುಗಿಯೋ ಮನುಷ್ಯ ನೀನು. ಪಾಪ, ಆ ಮಕ್ಕಳು ಇವಳು ಇದಾಳೆ ಅಂದ್ಕೊಂಡು ಕೂತಿವೆ. ನಾನು ಮೂವತ್ತು ವರ್ಷ ಎಕ್ಸ್‌ಚೇಂಜಲ್ಲಿದ್ದೆ. ತಪ್ಪು ನಂಬರಿಗೆ ಲೈನ್ ಹೋದ್ರೆ ತಕ್ಷಣ ಹೇಳ್ಬೇಕು, ತಪ್ಪಾಯ್ತು ಅಂತ. ಆ ಕಡೆಯವರು ಮಾತು ಶುರು ಮಾಡೋಕೆ ಬಿಡಬಾರದು."

"ಹೇಳಿದ ಮೇಲೆ ಇವರು ಬರಲ್ಲ," ಎಂದರು ಮುದುಕರು. ಮಳೆ-ಬಿಸಿಲಿನ ಬಗ್ಗೆ ಹೇಳಿದ ಹಾಗೆ ಹೇಳಿದರು.

ನಾಲ್ಕು ಗಂಟೆಯಾಗಿತ್ತು.

ಪರದೆಯ ಮೇಲೆ ಚಿತ್ರ ಚಲಿಸತೊಡಗಿತು. ಹೆಂಗಸು ಕತ್ತಿ ಬೀಸಿ ಇಬ್ಬರನ್ನು ಕೆಡವಿದಳು. ಮೂರನೆಯವನು ಅವಳ ಭುಜಕ್ಕೆ ಹೊಡೆದ. ಆಗ ಎಡಗೈಯ ಪಟ್ಟಿ ಹಾವಿನಂತೆ ಹಿಂದಕ್ಕೆ ಸುರುಳಿಯಾಗಿ ಬಂದು ಅವಳ ಭುಜವನ್ನೇ ಸುತ್ತಿಕೊಂಡಿತು. ಗಾಯ ಮುಚ್ಚಿತು. ಅದರ ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ. ಹೆಂಗಸು ಒಬ್ಬಳೇ ಖಾಲಿ ಬಯಲಿನಲ್ಲಿ ನಡೆದುಹೋದಳು. ಕೊನೆಗೆ ಅಕ್ಷರಗಳು ಮೂಡಿದವು: 'ಯಾರ ಜೊತೆಯೂ ಬೇಡದವರಿಗಾಗಿ.'

"ಅಯ್ಯೋ," ಎಂದಳು ಅಜ್ಜಿ.

"ಹೋಯ್ತು," ಎಂದ ಡುಮ್ಮ. "ಗುಬ್ಬಿ, ಪಟ್ಟಿ ಬಿಚ್ಚಿಕೊಳ್ತು ಕಣೆ."

ಪರದೆಯ ಒಂದು ಬದಿಯಲ್ಲಿ ಅಪರಿಚಿತರ ಮಾತುಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು. 'ಎಲ್ಲಿ ಆ ಮಹಾಜ್ಞಾನಿ ಗುಬ್ಬಿ?' 'ಇವಳ ಮಾತು ನಂಬಿ ಜೊತೆ ಹುಡುಕಿದ್ದೇ ಬಂತು.' 'ಹಿಂದಿನ ಹನ್ನೊಂದೂ ಕುರುಡು ಅದೃಷ್ಟ ಅಂತ ನಾನು ಆವಾಗಲೇ ಹೇಳಿದ್ದೆ.' 'ಮೂಳೆ ಕೂರಿಸ್ತಾಳಂತೆ, ಮೂಳೆ!' ಲಾಯರು ಒಬ್ಬನೇ ಅವರಿಗೆಲ್ಲ ಉತ್ತರ ಬರೆಯುತ್ತಿದ್ದ: ಹನ್ನೆರಡರಲ್ಲಿ ಒಂದು ತಪ್ಪಿದರೆ ತಲೆ ಹೋಗುವುದಿಲ್ಲ ಎಂದು.

ಹನ್ನೆರಡರಲ್ಲಿ ಒಂದು. ಮುದುಕರು ಅದನ್ನು ಎರಡು ಸಲ ಓದಿದರು. ಮೂರು ವಾರದಲ್ಲಿ ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಿದ್ದಿಲ್ಲ, ಏನೂ ಅನ್ನಿಸಿದ್ದಿಲ್ಲ. ಈಗಲೂ ಎದೆಯಲ್ಲಿ ಏನೂ ಆಗಲಿಲ್ಲ. ಆದರೆ ಅವರ ಪ್ಲಾಸ್ಟರ್ ಕೋಣೆಯಲ್ಲಿ ಒಂದು ರೂಢಿಯಿತ್ತು. ಹಾಕಿದ ಪ್ಲಾಸ್ಟರಿನ ಮೇಲೆ ಹಾಕಿದವರು ತಾರೀಖು ಬರೆದು ತಮ್ಮ ಗುರುತು ಹಾಕಬೇಕು. ವಾರದ ನಂತರ ಬೆರಳು ಊದಿಕೊಂಡು ರೋಗಿ ಮರಳಿ ಬಂದರೆ, ಇದು ಯಾರ ಕೈ ಎಂದು ಕೇಳುವ ಮೊದಲೇ ಆ ಗುರುತಿನವರು ಎದ್ದು ಬರಬೇಕು. ಮೂವತ್ತೆಂಟು ವರ್ಷದಲ್ಲಿ ಅವರು ನಾಲ್ಕು ಸಲ ಹಾಗೆ ಎದ್ದು ಹೋಗಿದ್ದರು.

"ಇದರಲ್ಲಿ ಮಾತಾಡೋದು ಹೇಗೆ?" ಎಂದು ತಂಗಿಯನ್ನು ಕೇಳಿದರು.

ತಂಗಿ ಎದ್ದು ಬಂದು ಪರದೆಯನ್ನು ಹುಡುಕಿದಳು. ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಅವಳು ಅದನ್ನು ಒತ್ತಿದಳು. ಗೆರೆ ಹೋಯಿತು.

"ನಮಸ್ಕಾರ," ಎಂದರು ಮುದುಕರು.

"ಯಾರಿದು?" ಎಂದ ಡುಮ್ಮ.

"ನಾನು ಗುಬ್ಬಿಯ ಅಪ್ಪ."

"ಅಯ್ಯೋ ಅಂಕಲ್, ನಮಸ್ತೆ," ಎಂದಳು ಅಜ್ಜಿ. "ಅವಳೆಲ್ಲಿ? ಬೈದ್ರು ಅಂತ ಎದ್ದುಹೋದ್ಲಾ? ಕರೀರಿ, ನಾವ್ಯಾರೂ ಏನೂ ಅಂದಿಲ್ಲ."

"ಅವಳಿಲ್ಲಮ್ಮ. ತೀರಿಕೊಂಡಳು. ನಿನ್ನೆಗೆ ಏಳು ವಾರ. ಜ್ವರ ಇಳೀಲೇ ಇಲ್ಲ." ವಾರ್ಡಿನ ಹೊರಗೆ ಕಾದು ನಿಂತವರಿಗೆ ಹೇಳುವ ಧ್ವನಿಯಲ್ಲೇ ಹೇಳಿದರು, ನಡುವೆ ನಿಲ್ಲಲಿಲ್ಲ, ನಿಂತರೆ ಮುಂದಿನದು ಹೇಳಲಾಗುವುದಿಲ್ಲವೆಂದು ಗೊತ್ತಿತ್ತು. "ಮೂರು ವಾರದಿಂದ ಬರೀತಿದ್ದೋನು ನಾನು. ತಪ್ಪು ಮಾಡಿದೆ, ಕ್ಷಮಿಸಿ. ಈಗ ಹೇಳ್ಬೇಕಾದ್ದು ಇನ್ನೊಂದಿದೆ. ಆ ಊಹೆಯಲ್ಲಿ 'ಪಟ್ಟಿ ಇದೆಯಲ್ಲ, ಅದು' ಅನ್ನೋ ತನಕ ಅವಳು ಬರೆದದ್ದು. ಅಲ್ಲಿಂದ ಆಚೆಗೆ ನನ್ನದು. ಮೂಳೆ ಕೂರಿಸೋದು ನನ್ನ ಕೆಲಸ, ಅದಕ್ಕೆ ನನಗೆ ಹಾಗೆ ಕಂಡಿತು. ತಪ್ಪು ನನ್ನದು, ಅವಳದ್ದು ಹನ್ನೊಂದಕ್ಕೆ ಹನ್ನೊಂದೇ. ಅದನ್ನ ಆ ಬೇರೆ ಜನಕ್ಕೂ ತಿಳಿಸಿಬಿಡಿ."

ಸ್ಪೀಕರಿನಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಯಾರ ಮನೆಯಲ್ಲೋ ಫ್ಯಾನು ತಿರುಗುವುದು ಕೇಳುತ್ತಿತ್ತು. ಅಜ್ಜಿ ಅಳುತ್ತಿದ್ದಾಳೆಂದು ಮುದುಕರಿಗೆ ತಡವಾಗಿ ತಿಳಿಯಿತು. ಮೈಕಿನ ಮೇಲೆ ಕೈ ಇಟ್ಟುಕೊಂಡಿದ್ದಳೋ ಏನೋ. ಅವರು ಕಾದರು. ಇನ್ನು ಒಬ್ಬೊಬ್ಬರೇ ಹೋಗುತ್ತಾರೆ ಎಂದುಕೊಂಡರು.

"ಅಂಕಲ್," ಎಂದ ಲಾಯರು. "ಅವಳು ಬರೆದಿದ್ದಷ್ಟನ್ನ ಒಂದ್ಸಲ ಓದ್ತೀರಾ?"

ಮುದುಕರು ಕನ್ನಡಕ ಸರಿಮಾಡಿಕೊಂಡು ಓದಿದರು. ಪಾಠ ಒಪ್ಪಿಸುವಂತೆ, ಒಂದೊಂದೇ ಪದ ಬಿಡಿಸಿ ಓದಿದರು. 'ಎಡಗೈಗೆ ಸುತ್ತಿರೋ ಪಟ್ಟಿ ಇದೆಯಲ್ಲ, ಅದು' ಎಂಬಲ್ಲಿ ನಿಲ್ಲಿಸಿದರು.

"ಅದು ಆ ಚಿತ್ರದೋಳ ಗಾಯಕ್ಕೇ ಅಂತ ಬರೀತಿದ್ಲು ಗುಬ್ಬಿ," ಎಂದ ಡುಮ್ಮ ಮೆಲ್ಲಗೆ. "ಹಿಂದಿನ ಕಾಲ ಮೇಲೆ ಭಾರ ಅಂದಿದಾಳಲ್ಲ, ಅಂದ್ರೆ ಮುಂದಿನ ಕಾಲಿಗೆ ಏಟಾಗಿದೆ."

"ಇಲ್ಲ ಕಣೋ," ಎಂದ ಲಾಯರು. "ಅದು ಬರೀ ಅಲಂಕಾರ, ನಮ್ಮ ದಾರಿ ತಪ್ಪಿಸೋಕೆ ಇಟ್ಟಿದಾರೆ ಅಂತಿದ್ಲು. ಅವಳು ಯಾವಾಗ್ಲೂ ಹಾಗೇ ತಾನೇ ಶುರು ಮಾಡೋದು."

"ಇಬ್ರೂ ಸುಮ್ನಿರಿ," ಎಂದಳು ಅಜ್ಜಿ, ಮೂಗು ಒರೆಸಿಕೊಂಡು. "ಆ ಬಟ್ಟೆ ಎಲ್ಲಿ ಹೊಲಿದಿದೆ ಅಂತ ನೋಡಿರ್ತಾಳೆ ಅವಳು. ಚಿತ್ರ ದೊಡ್ಡದು ಮಾಡ್ರೋ."

ಅವರು ಚಿತ್ರವನ್ನು ದೊಡ್ಡದು ಮಾಡಿದರು. ತಂಗಿ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿಗೆ ಮಾತು ಕೇಳಿಸದಾಯಿತು. ಮುದುಕರು ಬಗ್ಗಿ, ಸ್ಪೀಕರನ್ನು ಎತ್ತಿ ತಮ್ಮ ಕಡೆಗೆ ಹತ್ತಿರ ಇಟ್ಟುಕೊಂಡರು.