ಹೊರಮುಖದ ಬರಹ

ಅಪ್ಪನ ಉಗುರಿನ ಸಂದಿಯಲ್ಲಿ ಒಣಗಿದ್ದ ಮೈದಾ ಅಂಟನ್ನು ಮಾರ್ಥಾ ಸೂಜಿಯ ತುದಿಯಿಂದ ತೆಗೆಯುತ್ತಿದ್ದಳು. ಎಡಗೈ ಮುಗಿದಿತ್ತು. ಬಲಗೈಯ ಹೆಬ್ಬೆರಳಲ್ಲಿ ಅಂಟು ಚರ್ಮವೇ ಆಗಿಬಿಟ್ಟಿತ್ತು.

"ಬಿಡವಾ ಇನ್ನ, ಮಣ್ಣಿಗೆ ಒಯ್ಯೂದೈತಿ, ಪಾಸ್ಟರ್ ಬರೋ ಹೊತ್ತಾತು," ಎಂದಳು ನೆರೆಮನೆಯ ಕಸ್ತೂರೆವ್ವ. "ಹೊಸ ಅಂಗಿ ಎಲ್ಲೈತಿ?"

"ಹೋದ ಕ್ರಿಸ್‌ಮಸ್‌ಗೆ ತಂದದ್ದನ್ನ ಅಪ್ಪ ಕತ್ತರಿಸಿ ಪುಸ್ತಕದ ಬೆನ್ನಿಗೆ ಹಚ್ಯಾನ್ರಿ."

ಕಸ್ತೂರೆವ್ವನಿಗೆ ನಗು ಬಂತು; ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅರ್ನೆಸ್ಟ್ ಮೊದಲು ಮಿಷನ್ ಪ್ರೆಸ್ಸಿನಲ್ಲಿ, ಆಮೇಲೆ ಕೆಲಗೇರಿ ರಸ್ತೆಯ ಈ ಮನೆಯ ಪಡಸಾಲೆಯಲ್ಲಿ, ಐವತ್ತು ವರ್ಷ ಪುಸ್ತಕ ಕಟ್ಟಿದ್ದರು. ಜೊತೆಗಿದ್ದವಳು ಮಗಳು ಮಾರ್ಥಾ ಒಬ್ಬಳೇ. ನಲವತ್ತೆಂಟರ ಶಾಲಾ ಮಾಸ್ತರಿಣಿ. ಊಟ, ಗುಳಿಗೆ, ಬಾಗಿಲ ಚಿಲಕ. ಇಬ್ಬರ ನಡುವಿನ ಮಾತು ಅಷ್ಟರಲ್ಲಿ ಮುಗಿಯುತ್ತಿತ್ತು.

*

ಅವಳಿಗೆ ಹತ್ತು ವರ್ಷವಿದ್ದಾಗ ಅವ್ವನ ಕಾಗದಗಳ ಡಬ್ಬಿ ತೆರೆದು ನೋಡಿದ್ದಳು. ಅವ್ವ ಕ್ಷಯದ ಆಸ್ಪತ್ರೆಯಿಂದ ಬರೆದವು. ಮಾರ್ಥಾ ನಡೆಯಲು ಕಲಿಯುವ ಮೊದಲೇ ಅವ್ವ ಅಲ್ಲೇ ತೀರಿಕೊಂಡಿದ್ದಳು. ಡಬ್ಬಿ ಖಾಲಿಯಿತ್ತು.

"ಅಪ್ಪಾ, ಅವ್ವನ ಕಾಗದ ಎಲ್ಲಿ?"

ಅಪ್ಪ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಕೆಲಸಕ್ಕ ಬಂದ್ವು."

ಮನೆಯಲ್ಲಿ ಕೆಲಸಕ್ಕೆ ಬಂದ ಕಾಗದ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಿತ್ತಲ ಬಾನಿಯಲ್ಲಿ ನೆನೆದು, ಕುಟ್ಟಿಸಿಕೊಂಡು, ರಟ್ಟಾಗುತ್ತದೆ. ಅವ್ವನ ಅಕ್ಷರ ಹೇಗಿತ್ತೆಂದು ಅವಳು ಎಂದೂ ಕೇಳಲಿಲ್ಲ. ಅಪ್ಪ ಕೆಲಸ ಮಾಡುವಾಗ ಹತ್ತಿರ ಕೂರಲೂ ಇಲ್ಲ.

*

ಪಾಸ್ಟರ್ ಜೋಶುವಾ ಚರ್ಚಿನ ಹಳೆಯ ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ನಿಜಾಮುದ್ದೀನ, ಪ್ರೆಸ್ಸಿನಲ್ಲಿ ಅರ್ನೆಸ್ಟ್ ಜೊತೆ ದುಡಿದವನು, ಕೈ ಚಾಚಿ ಅದರ ಬೆನ್ನು ಸವರಿದ.

"ಇದನ್ನ ನಾವಿಬ್ರೂ ಕಟ್ಟೇವಿ, ಸರ. ನೂರೈವತ್ತು ವರ್ಷದ ಅಚ್ಚು. ಹಳೇ ಚರ್ಮಾ ಬಿಚ್ಚಿದ್ರ ಬೆನ್ನಿಗೆ ಯಾವುದೋ ಸಾಲಿ ಪುಸ್ತಕದ ರದ್ದಿ ಹಾಳಿ ಅಂಟಿಸಿದ್ರು. ಆಗಿನ ಮಂದಿ ಕಾಗದ ಒಗೀತಿರಲಿಲ್ಲ. ಅದನ್ನ ನೋಡಿ ಈ ಪುಣ್ಯಾತ್ಮ ಮನಿಯಿಂದ ಕಾಗದ ತಂದ. ಹಚ್ಚಿದ್ದು ಹೆಂಗ? ಬರಹ ಹೊರಗ ಮಾಡಿ! ಏ ಹುಚ್ಚಾ, ಬರಹ ಅಂಟಿನ ಕಡಿ ಹೋಗಬೇಕಲೇ, ಕಣ್ಣು ಹೋಗ್ಯಾವೇನು ಅಂದೆ. ಹಂಗ ಹಚ್ಚಿಬಿಟ್ಟ."

"ಯಾವ ಕಾಗದ, ಕಾಕಾ?" ಮಾರ್ಥಾಳ ದನಿ ಅವಳಿಗೇ ಕೇಳಿಸಲಿಲ್ಲ.

"ನೀಲಿ ಇನ್‌ಲ್ಯಾಂಡ್. ಹೆಣ್ಣುಮಕ್ಕಳ ಅಕ್ಷರ." ಹೇಳಿದ ಮೇಲೆ ಮುದುಕನಿಗೆ ಹೊಳೆಯಿತು. ಅವಳ ಮುಖ ನೋಡಿದ. "ನಿನಗ ಹೇಳಿಲ್ಲೇನು ಅಂವಾ?"

"ಬಿಚ್ಚಿದ್ರ ಸಿಗತಾವೇನ್ರಿ?"

"ಹರೀತಾವ, ತಂಗಿ. ಅವನ ಅಂಟು ಬಿಡೋದಲ್ಲ." ಮತ್ತೆ ಬೈಬಲ್ಲಿನ ಬೆನ್ನು ಸವರಿದ. "ಪೊಳ್ಳು ಬೆನ್ನು ಅದು. ಅಗಲ ತೆರದ್ರ ಚರ್ಮಾ ಬಿಲ್ಲಿನಂಗ ದೂರ ಸರೀತೈತಿ. ಆ ಸಂದ್ಯಾಗ ಕಂಡಷ್ಟು ಕಂಡೀತು."

*

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದರು. ಮಾರ್ಥಾಳ ಕೈಗೆ ಯಾರೋ ಹಿಡಿ ಮಣ್ಣು ಕೊಟ್ಟರು. ಗುಂಡಿಯಿಂದ ತುಸು ಹಿಂದೆ ನಿಂತ ಪಾಸ್ಟರ್ ಎರಡೂ ಅಂಗೈ ಮೇಲೆ ಬೈಬಲ್ಲನ್ನು ಅಗಲವಾಗಿ ತೆರೆದರು. ಪುಸ್ತಕದ ಬೆನ್ನು ಬಾಗಿತು.

ಅವಳು ಎರಡು ಹೆಜ್ಜೆ ಇಟ್ಟು ಪಾಸ್ಟರ್ ಎದುರಿಗೇ ಬಂದು ನಿಂತಳು.

"ಮಾರ್ಥಾ," ಕಸ್ತೂರೆವ್ವ ಪಿಸುಗುಟ್ಟಿದಳು. "ಅಪ್ಪಗ ಬೆನ್ನು ಮಾಡಿ ನಿಂತೀಯಲ್ಲವಾ! ಈ ಕಡಿ ಬಾ."

ಅವಳು ಬಗ್ಗಿದಳು. ಚರ್ಮಕ್ಕೂ ಹಾಳೆಗಳಿಗೂ ನಡುವೆ ಬೆರಳು ಹಿಡಿಸದಷ್ಟು ಸಂದಿ. ಒಳಗೆ ಮಾಸಿದ ನೀಲಿ. ಅದರ ಮೇಲೆ ಓರೆಯಾಗಿ, ಅವಸರದಲ್ಲಿ ಬರೆದಂಥ ಅಕ್ಷರ. ಸಾಲಿನ ತಲೆ ಕತ್ತರಿಸಿ ಹೋಗಿತ್ತು. …ಗೆ ಹಲ್ಲು ಬಂದವೇ? ಕಚ್ಚಿ…

ಪಾಸ್ಟರ್ ಆ ಪುಟ ಓದಿ ಮುಗಿಸಿ, ತಿರುವಲು ಬೆರಳೆತ್ತಿದರು.

"ತಡೀರಿ," ಎಂದಳು ಮಾರ್ಥಾ. ಜೋರಾಗಿಯೇ ಅಂದಿದ್ದಳು. "ಹಂಗ ಹಿಡೀರಿ. ಇನ್ನೂ ಸ್ವಲ್ಪ ಅಗಲ ಮಾಡ್ರಿ."

ಪಾಸ್ಟರ್ ಜೋಶುವಾ ಒಮ್ಮೆ ಗುಂಡಿಯತ್ತ ನೋಡಿ, ಪುಸ್ತಕವನ್ನು ಮತ್ತಷ್ಟು ಅಗಲಿಸಿದರು. ಜನ ಕಾಯುತ್ತ ನಿಂತರು. ಮಾರ್ಥಾ ಮಣ್ಣಿನ ಮುಷ್ಟಿಯನ್ನು ಎದೆಗೊತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಒಂದನೇ ಇಯತ್ತೆಯ ಹುಡುಗಿಯ ಹಾಗೆ ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು.